ಅಂಕುಶ ಯಾವ ಡಬ್ಬಿಗೆ?

ಮಳೆ ಹೊಳವಾಗಿತ್ತು. ಜಗಲಿಯಲ್ಲಿ ಹಲಸಿನ ಹಪ್ಪಳ, ಕವಳದ ಬಟ್ಟಲು, ನಡುವೆ ಅಪ್ಪಿಯ ಲ್ಯಾಪ್‌ಟಾಪ್.

"ಪಂಪನ ವಿಕ್ರಮಾರ್ಜುನ ವಿಜಯ ಪೂರ್ತಿ ಇದರೊಳಗಿದೆ," ಎಂದ ಅಪ್ಪಿ. "ಯಾವ ಸಾಲಲ್ಲಿ ಯಾವ ವಿಷಯ ಅಂತ ಇದೇ ನೋಡಿ ಡಬ್ಬಿ ಡಬ್ಬಿಗೆ ಹಾಕ್ತದೆ. ರಾಜಕೀಯ, ಯುದ್ಧ, ಊರು... 941ರ ಕಾಲ ಕಣ್ಣೆದುರಿಗೇ!"

ಗಣಪತಿ ಭಾವ ಕವಳ ಉಗಿದು ಬಂದ. "ಮೊದಲು ನಮ್ಮ ಬನವಾಸಿ ತೆಗಿ."

ಅಪ್ಪಿ ಒತ್ತಿದ. 'ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ' ಯುದ್ಧದ ಡಬ್ಬಿಯಲ್ಲಿ ಕೂತಿತ್ತು.

"ಯುದ್ಧವಾ?" ಮಾಸ್ತರ ಕೈಯಲ್ಲೇ ಹಪ್ಪಳ ಮುರಿಯಿತು.

"ಅಂಕುಶ ಇದೆಯಲ್ಲ. ಆಯುಧ."

"ಆ ಪದ್ಯ ಶುರುವಾಗೋದು ತೆಂಕಣ ಗಾಳಿಯಿಂದ. ಅದೆಲ್ಲಿ?"

"ಹವಾಮಾನ."

"ಬಿರಿದ ಮಲ್ಲಿಗೆ?"

"ತೋಟಗಾರಿಕೆ."

"ಹಾಗಾದ್ರೆ ಪದ್ಯಕ್ಕೆ ಸಬ್ಸಿಡಿ ಸಿಗ್ತದೆ, ಅರ್ಜಿ ಹಾಕಿ," ಎಂದೆ ನಾನು.

ಅಪ್ಪಿ ಸೋಲುವವನಲ್ಲ. "ಅರಿಕೇಸರಿ ಎಲ್ಲಿ, ಅರ್ಜುನ ಎಲ್ಲಿ ಅಂತ ಬೇರೆ ಮಾಡಿ ತೋರಿಸ್ತೇನೆ ಬೇಕಾದ್ರೆ."

"ಬೇರೆ ಮಾಡೋದಾ?" ಎಂದೆ. "ವೇಮುಲವಾಡದ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿ ಕೂರಿಸಿದ್ದಲ್ವಾ ಪಂಪ? ಅದಕ್ಕೇ ಅವನ ದ್ರೌಪದಿಗೆ ಅರ್ಜುನ ಒಬ್ಬನೇ ಗಂಡ. ಧಣಿಗೆ ಹೆಂಡತಿಯಲ್ಲೂ ಪಾಲುದಾರರು ಅಂದ್ರೆ ಕವಿಗೆ ಅಗ್ರಹಾರ ಸಿಗ್ತದಾ? ಬೇಕಂತಲೇ ಕಲಸಿದ ಮೊಸರನ್ನ ಅದು. ನಿನ್ನ ಯಂತ್ರ ಮೊಸರು ಎಷ್ಟು, ಅನ್ನ ಎಷ್ಟು ಅಂತ ಹೆಕ್ಕಲಿಕ್ಕೆ ಹೊರಟಿದೆ."

"ಆದ್ರೂ ಒಂದು ಪದ ಹುಡುಕಲು ನಾನು ರಾತ್ರಿಯಿಡೀ ಪುಟ ತಿರುವಿದ್ದುಂಟು," ಎಂದರು ಮಾಸ್ತರು ಮೆಲ್ಲಗೆ. ಅದು ನಿಜವೇ. ಒಪ್ಪಿಕೊಳ್ಳಲು ನನಗೇ ಸ್ವಲ್ಪ ಕಷ್ಟವಾಯಿತು.

"ಸ್ಕ್ಯಾನ್ ಮಾಡುವಾಗ ಹಳಗನ್ನಡದ ೞ ಅಕ್ಷರ ಮಾತ್ರ ಇದಕ್ಕೆ ತಿಳಿಯೋದೇ ಇಲ್ಲ," ಅಪ್ಪಿ ಗೊಣಗಿದ.

"ಶಾಲೆಯಲ್ಲಿ ನಂಗೂ ಹಾಗೇ," ಎಂದ ಭಾವ. ಯಂತ್ರದ ಮೇಲೆ ಅವನಿಗೆ ಆಗಲೇ ನೆಂಟಸ್ತಿಕೆ ಹುಟ್ಟಿತ್ತು. ಎದ್ದು ಹೋಗಿ ತನ್ನ ಮೊಬೈಲ್ ತಂದ.

"ನಮ್ಮ ಮಾಣಿ ಅಮೆರಿಕಾದಿಂದ ಹಾಕಿದ ವಾಟ್ಸಾಪ್ ಎಲ್ಲ ಇದೆ. ಇದನ್ನೂ ಹಾಕಿ ನೋಡು. ಊರು ಅಂತ ಎಷ್ಟು ಸಲ ಬರೆದಿದ್ದಾನೆ?"

ಬೇಡ ಎಂದು ಮಾಸ್ತರು ಕಣ್ಣಲ್ಲೇ ಹೇಳಿದರು. ಅಪ್ಪಿ ನೋಡಲಿಲ್ಲ, ಒತ್ತಿಬಿಟ್ಟ.

ಊರಿನ ಡಬ್ಬಿ ಖಾಲಿ. ಹಣದ್ದರಲ್ಲಿ ಒಂದೆರಡು. ಹವಾಮಾನದ್ದು ಮಾತ್ರ ತುಂಬಿ ಚೆಲ್ಲುತ್ತಿತ್ತು. ಮಳೆ ಹಿಡಿತಾ? ಇವತ್ತೂ ಮಳೆಯಾ? ತೋಟಕ್ಕೆ ನೀರು ನುಗ್ಗಿತಾ? ನಿನ್ನೆ ರಾತ್ರಿ ಗಾಳಿ ಜೋರಿತ್ತಾ?

ಹಪ್ಪಳ ಕಡಿಯುವ ಸದ್ದೂ ನಿಂತಿತು.

"ಬರೀ ಹವಾಮಾನ," ಭಾವ ನಗಲು ನೋಡಿದ.

"ಅಪ್ಪಿ, ತೆಂಕಣ ಗಾಳಿಯನ್ನೂ ಇದೇ ಡಬ್ಬಿಗೆ ಹಾಕಿತ್ತಲ್ವಾ?" ಎಂದೆ.

ಅಪ್ಪಿ ಪರದೆ ನೋಡಿದ, ಭಾವನನ್ನು ನೋಡಿದ, ಹೂಂ ಎಂದ.

ಭಾವ ಮೊಬೈಲ್ ಕಿತ್ತುಕೊಂಡು ಅಂಗಳಕ್ಕಿಳಿದ. ಆಕಾಶ ನೋಡಿದ. ಒಂದೇ ಬೆರಳಲ್ಲಿ ಏನೋ ಒತ್ತತೊಡಗಿದ. ತುಸು ಹೊತ್ತಾದ ಮೇಲೆ ಅಲ್ಲಿಂದಲೇ ಕೂಗಿದ:

"ಅಪ್ಪೀ, ಹೊಳವಾಯ್ತು ಅಂತ ಬರೆಯೋದು ಹೇಗೋ? ಯಾವ ಳ?"