ಕಲಿಕಾ ನ್ಯೂನತೆ: ಪಾಲಕರ ಹಕ್ಕುಗಳೇನು?

ಪ್ರಶ್ನೆ (ಮುಂಬಯಿಯ ಮುಲುಂಡ್‌ನ ತಾಯಿ):
ನಾಲ್ಕನೆಯ ತರಗತಿಯಲ್ಲಿರುವ ನನ್ನ ಮಗನಿಗೆ ಓದು-ಬರಹದಲ್ಲಿ ತೊಂದರೆಯಿದ್ದು, ಬೇರೆ ಶಾಲೆ ನೋಡಿಕೊಳ್ಳಿರೆಂದು ಮುಖ್ಯಾಧ್ಯಾಪಕರು ಬಾಯಿಮಾತಿನಲ್ಲಿ ಸೂಚಿಸಿದ್ದಾರೆ. ನಮಗಿರುವ ಹಕ್ಕುಗಳನ್ನು ಯಾರೂ ತಿಳಿಸಿಲ್ಲ. ಏನು ಮಾಡಬೇಕು?

ಉತ್ತರ (ಪುಣೆಯ ನಿವೃತ್ತ ಶಿಕ್ಷಕ):
ತಾಯಿ, ಆ ಮಾತನ್ನು ಬರಹದಲ್ಲಿ ಕೊಡುವಂತೆ ಮೊದಲು ಕೇಳಿರಿ. ಬಹುಪಾಲು ಶಾಲೆಗಳು ಅಲ್ಲಿಗೇ ಮೆತ್ತಗಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ನಿಮ್ಮದು ಅಲ್ಪಸಂಖ್ಯಾತ ಸಂಸ್ಥೆಯಾಗಿದ್ದರೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಆ ಕಾಯ್ದೆ ಅನ್ವಯಿಸುವುದಿಲ್ಲ. ಆಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಆಧರಿಸಬೇಕು. ಅದರ 16ನೆಯ ಕಲಮು, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಪ್ರವೇಶ ನೀಡುವಂತೆಯೂ, ಕಲಿಕಾ ನ್ಯೂನತೆಯನ್ನು (ಓದು, ಬರಹ, ಲೆಕ್ಕ ಕಲಿಯುವಲ್ಲಿನ ವಿಶೇಷ ತೊಂದರೆಯನ್ನು) ಬೇಗನೆ ಗುರುತಿಸಿ ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳುವಂತೆಯೂ ನೋಡಿಕೊಳ್ಳುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ.

ಉತ್ತರ (ಮುಂಬಯಿಯ ಸಯನ್‌ನ ಪಾಲಕಿ):
ಅಕ್ಕ, ಕಲಿಕಾ ನ್ಯೂನತೆಯ ಪ್ರಮಾಣಪತ್ರವಿಲ್ಲದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವಾಗಲಿ ಮಗುವಿನ ಪರವಾಗಿ ಉತ್ತರ ಬರೆಯುವ ಬರಹಗಾರನಾಗಲಿ ದೊರೆಯುವುದು ಕಷ್ಟ. ಸಯನ್ ಆಸ್ಪತ್ರೆಯಲ್ಲಿ ಕಲಿಕಾ ನ್ಯೂನತೆಗೆ ಪ್ರತ್ಯೇಕ ವಿಭಾಗವೇ ಇದೆ, ಅಲ್ಲಿ ವಿಚಾರಿಸಿರಿ. ಖಾಸಗಿ ತಪಾಸಣೆಗೆ ಹಣ ಸುರಿಯುವ ಆತುರ ಬೇಡ.

ಪ್ರಶ್ನೆ ಕೇಳಿದವರು:
ಶಾಲೆ ಒಪ್ಪದಿದ್ದರೆ?

ಉತ್ತರ (ಪುಣೆಯ ನಿವೃತ್ತ ಶಿಕ್ಷಕ):
ಮಹಾರಾಷ್ಟ್ರ ರಾಜ್ಯದ ಅಂಗವಿಕಲರ ಆಯುಕ್ತರ ಕಚೇರಿ ಪುಣೆಯಲ್ಲಿದೆ. ಶಾಲೆಗೆ ಬರೆದ ಪತ್ರಗಳ ಸ್ವೀಕೃತಿ ಮುದ್ರೆಯಿರುವ ಪ್ರತಿಗಳನ್ನು ಲಗತ್ತಿಸಿ ಅಲ್ಲಿಗೆ ದೂರು ಸಲ್ಲಿಸಬಹುದು.