ಟೊಮ್ಯಾಟೊ ಅಗಿಯ ಮೇಲಿನ ಬುಟ್ಟಿ

ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಟೊಮ್ಯಾಟೊ ಅಗಿ, ಅಂದರೆ ಸಸಿ, ಬೆಳೆಸುವ ಬಗ್ಗೆ ನಡೆದ ಮಾತುಕತೆ ಇದು.

ವೈನಿ, ಜಮಖಂಡಿ: ನಾನು ಕಳಿಸಿದ ವಿಡಿಯೊ ನೋಡಿರಿ. ಸಂತೆಯಿಂದ ತಂದ ಟೊಮ್ಯಾಟೊ ಹಣ್ಣನ್ನು ಬಿಲ್ಲೆಗಳಾಗಿ ಕೊಯ್ದು ಕುಂಡದಲ್ಲಿ ಹೂಳಿ, ಬುಟ್ಟಿ ಮುಚ್ಚಿ, ಬೆಳಿಗ್ಗೆ ಸಂಜೆ ನೀರು ಹಾಕಿದರೆ ಸಾಕಂತೆ. ನಾನು ಎಂಟು ದಿನಗಳ ಹಿಂದೆ ಹಾಗೆಯೇ ಮಾಡಿದ್ದೆ, ಇಂದು ಮೊಳಕೆಗಳು ಒತ್ತಾಗಿ ಎದ್ದಿವೆ.

ನಾನು, ಬಾಗಲಕೋಟೆ: ಮೊಳಕೆ ಬಂದದ್ದು ಸಂತೋಷ, ವೈನಿ. ಆದರೆ ದಯವಿಟ್ಟು ಆ ಬುಟ್ಟಿಯನ್ನು ಇಂದೇ ತೆಗೆಯಿರಿ. ಮೊಳೆಯುವ ತನಕ ಬೀಜಕ್ಕೆ ಬೇಕಾದದ್ದು ತೇವ ಮತ್ತು ಬೆಚ್ಚಗಿನ ಮಣ್ಣು. ತಲೆ ಎತ್ತಿದ ಗಳಿಗೆಯಿಂದ ಬೇಕಾದದ್ದು ಬೆಳಕು. ಅದು ಸಿಗದ ಸಸಿ ಎರಡೇ ದಿನಗಳಲ್ಲಿ ದಾರದಂತೆ ನೀಳವಾಗಿ ಬಾಗುತ್ತದೆ, ಆಮೇಲೆ ಎಷ್ಟು ಆರೈಕೆ ಮಾಡಿದರೂ ಆ ಕಾಂಡ ಗಟ್ಟಿಯಾಗುವುದು ಕಷ್ಟ.

ಕಾಕಾ, ವಿಜಯಪುರ: ನಮ್ಮ ಊರಿನ ಬಿಸಿಲಿಗೆ ಎಳೆಯ ಅಗಿಯನ್ನು ಒಡ್ಡಿದರೆ ಮಧ್ಯಾಹ್ನದೊಳಗೆ ಸುಟ್ಟು ಹೋಗುತ್ತದೆ. ನರ್ಸರಿಯವರೂ ನೆರಳು ಪರದೆ ಕಟ್ಟುತ್ತಾರೆ. ಅಲ್ಲದೆ ನಮ್ಮ ಹಿತ್ತಲಿನ ತಿಪ್ಪೆಯಲ್ಲಿ ಯಾರೂ ಬಿತ್ತದೆಯೇ ಟೊಮ್ಯಾಟೊ ಏಳುತ್ತದೆ, ಅದಕ್ಕೆ ಇಷ್ಟೆಲ್ಲ ಶಾಸ್ತ್ರ ಏಕೆ?

ನಾನು, ಬಾಗಲಕೋಟೆ: ಮಧ್ಯಾಹ್ನದ ಬಿಸಿಲಿನ ಮಾತನ್ನು ಒಪ್ಪುತ್ತೇನೆ, ಕಾಕಾ. ಆದರೆ ಪರದೆ ಬಿಸಿಲನ್ನು ಸೋಸಿ ಗಾಳಿಯನ್ನು ಒಳಗೆ ಬಿಡುತ್ತದೆ, ಬುಟ್ಟಿ ಎರಡನ್ನೂ ತಡೆದು ತೇವವನ್ನು ಒಳಗೇ ಕೂಡಿಹಾಕುತ್ತದೆ. ತಿಪ್ಪೆಯಲ್ಲಿ ನೂರು ಬೀಜ ಬಿದ್ದು ನಾಲ್ಕು ಉಳಿದಿರುತ್ತವೆ, ಸತ್ತ ತೊಂಬತ್ತಾರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೋದ ಮಳೆಗಾಲದಲ್ಲಿ ನಾನೂ ಮಮತೆಯಿಂದ ದಿನಕ್ಕೆ ಎರಡು ಸಲ ನೀರು ಹಾಕಿ ಎರಡು ಟ್ರೇ ಅಗಿ ಕಳೆದುಕೊಂಡೆ. ಸಂಜೆ ನೆಟ್ಟಗಿದ್ದ ಸಸಿಗಳು ಬೆಳಿಗ್ಗೆ ಮಲಗಿದ್ದವು. ಒಂದನ್ನು ಎತ್ತಿ ನೋಡಿದರೆ ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು, ಮಣ್ಣಿಗೆ ತಾಗುವಲ್ಲಿ ಮಾತ್ರ ಕಾಂಡ ಉಗುರಿನಿಂದ ಚಿವುಟಿದಂತೆ ಕಂದು ಬಣ್ಣಕ್ಕೆ ತಿರುಗಿ ಸಣ್ಣಗಾಗಿತ್ತು. ಇದೇ ಸಸಿ ಕೊಳೆ ರೋಗ; ಪಿಥಿಯಂ ಮೊದಲಾದ ನೆಲದ ರೋಗಾಣುಗಳು ಸದಾ ಒದ್ದೆಯಿರುವ ಮಣ್ಣಿನಲ್ಲಿ, ಒತ್ತಾದ ಸಸಿಗಳ ನಡುವೆ ಬೇಗ ಹರಡುತ್ತವೆ. ನೀರು ಬಿಟ್ಟುಕೊಡದ ನಮ್ಮ ಎರೆ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಅಪಾಯ ಇನ್ನೂ ಹೆಚ್ಚು. ಈಗ ನಾನು ತೆಂಗಿನ ನಾರಿನ ಪುಡಿಗೆ ಎರೆಹುಳು ಗೊಬ್ಬರ ಬೆರೆಸಿ ಟ್ರೇ ತುಂಬುತ್ತೇನೆ, ಮೇಲ್ಪದರ ಒಣಗಿ ಟ್ರೇ ಕೈಗೆ ಹಗುರವೆನಿಸಿದ ಮೇಲೆ ಮಾತ್ರ ಬೆಳಗಿನ ಹೊತ್ತು ನೀರು ಕೊಡುತ್ತೇನೆ.

ತಂಗಿ, ಅಥಣಿ: ಅಣ್ಣಾ, ಸಂತೆಯ ಹಣ್ಣಿನ ಬೀಜ ನಡೆಯುವುದೇ?

ನಾನು, ಬಾಗಲಕೋಟೆ: ಮೊಳೆಯುತ್ತದೆ, ಆದರೆ ಸಂತೆಗೆ ಬರುವ ಹಣ್ಣು ಬಹುತೇಕ ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ, ಗಿಡದ್ದು, ಅದರ ಬೀಜದಿಂದ ಎದ್ದ ಗಿಡಗಳು ಒಂದೊಂದು ಒಂದೊಂದು ಬಗೆಯಾಗುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ ಮತ್ತು ಎಲೆಚುಕ್ಕೆ ಅಂಗಮಾರಿಯನ್ನು ತಡೆದುಕೊಳ್ಳುವ ಟೊಮ್ಯಾಟೊ ಹೈಬ್ರಿಡ್. ಅದರ ಹಣ್ಣಿನ ಬೀಜ ಬಿತ್ತಿದರೆ ಆ ಗುಣ ಎಲ್ಲ ಗಿಡಗಳಿಗೂ ಬರುವುದಿಲ್ಲ. ಮನೆಯಲ್ಲಿ ಬೀಜ ಉಳಿಸಿಕೊಳ್ಳಬೇಕೆಂದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್‌ನಂತಹ ಶುದ್ಧ ತಳಿಯನ್ನು ಬೆಳೆಸು. ಹಣ್ಣಿನ ಲೋಳೆಯನ್ನು ಎರಡು ದಿನ ಬಟ್ಟಲಲ್ಲಿ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿಡು.

ಕಾಕಾ, ವಿಜಯಪುರ: ಬೀಜದ ಮಾತು ಸರಿ. ದಿನವೂ ನೀರು ಹಾಕದಿದ್ದರೆ ಇಲ್ಲಿ ಅಗಿ ಉಳಿಯುತ್ತದೆಂದು ನಾನು ಮಾತ್ರ ಒಪ್ಪಲಾರೆ.

ನಾನು, ಬಾಗಲಕೋಟೆ: ಏಪ್ರಿಲ್‌ನಲ್ಲಿ ನಿಮ್ಮಲ್ಲಿ ದಿನವೂ ಬೇಕಾದೀತು, ಕಾಕಾ. ಬೆರಳಿಟ್ಟು ನೋಡಿ ಹಾಕಿರಿ ಎಂಬುದಷ್ಟೇ ನನ್ನ ವಾದ.

ವೈನಿ, ಜಮಖಂಡಿ: ಬುಟ್ಟಿ ತೆಗೆದಿದ್ದೇನೆ. ಒಂದೇ ಬಿಲ್ಲೆಯಿಂದ 14 ಸಸಿಗಳು ಎದ್ದಿವೆ, ಕಿತ್ತು ಎಸೆಯಲು ಮನಸ್ಸಾಗುತ್ತಿಲ್ಲ.

ನಾನು, ಬಾಗಲಕೋಟೆ: ಎಸೆಯಬೇಡಿ. ಮೊದಲು ಬಿಚ್ಚಿಕೊಂಡ ಬೀಜದೆಲೆಗಳ ಮೇಲೆ ಎರಡು ಗರಿಯಂತಹ ಎಲೆಗಳು ಮೂಡಿದಾಗ, ಕಾಂಡವನ್ನು ಮುಟ್ಟದೆ ಎಲೆಯನ್ನು ಹಿಡಿದು ಒಂದೊಂದಾಗಿ ಬಿಡಿಸಿ, ಬೇರೆ ಬೇರೆ ಲೋಟಗಳಲ್ಲಿ ಬೀಜದೆಲೆಯ ಕೆಳಗಿನವರೆಗೆ ಹೂಳಿರಿ. ಹೂತ ಕಾಂಡದಿಂದಲೂ ಬೇರು ಒಡೆಯುತ್ತದೆ, ಆದ್ದರಿಂದ ನೀಳವಾದವು ಕೂಡ ಉಳಿದಾವು. ಎಲೆ ಮುಟುರು ರೋಗ ಹರಡುವ ಬಿಳಿ ನೊಣ ಕೂರದಂತೆ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿರಿ, ಬುಟ್ಟಿ ಮಾತ್ರ ಬೇಡ.