ಮಳೆಗೆ ಬಿದ್ದ ಮಾಳಿಗೆ ಮನೆಗಳು: ಅಕ್ಕಿ, ಹೊದಿಕೆ ಹಂಚಿದ ಮೇಲೆ ಮುಂದೇನು?

ಪ್ರಶ್ನೆ (ಹಿರಿಯೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ವೇದಾವತಿ ದಂಡೆಯ ನಮ್ಮ ಊರಿನಲ್ಲಿ ಕಳೆದ ಮಳೆಗಾಲದಲ್ಲಿ ಹಲವು ಮಾಳಿಗೆ ಮನೆಗಳು ಕುಸಿದವು. ಬರದ ಸೀಮೆಯವರಾದ ನಮಗೆ ನೀರಿಲ್ಲದ ಕಷ್ಟ ಗೊತ್ತಿತ್ತೇ ಹೊರತು ನೀರು ನುಗ್ಗುವ ಕಷ್ಟ ಗೊತ್ತಿರಲಿಲ್ಲ. 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗಲೇ ಅದರ ಅರಿವಾದದ್ದು. ದಾನಿಗಳು ಕೊಟ್ಟ ಅಕ್ಕಿ, ಹೊದಿಕೆಗಳನ್ನು ಹಂಚಿ ಆಯಿತು. ಕೆಲವು ಕುಟುಂಬಗಳು ಇಂದಿಗೂ ಬಿದ್ದ ಗೋಡೆಗೆ ತಾಡಪಾಲು ಕಟ್ಟಿಕೊಂಡು ಬಾಳುತ್ತಿವೆ. ನಮ್ಮ ಯುವಕ ಸಂಘದಲ್ಲಿ ಸ್ವಲ್ಪ ಹಣ ಉಳಿದಿದ್ದು, ಅದನ್ನು ಎಲ್ಲ ಮನೆಗಳಿಗೂ ಸಮನಾಗಿ ಹಂಚೋಣವೆಂದು ಹೆಚ್ಚಿನವರು ಹೇಳುತ್ತಿದ್ದಾರೆ. ಬಲ್ಲವರು ಸಲಹೆ ನೀಡಬೇಕು.

ಉತ್ತರ 1 (ನಿವೃತ್ತ ಎಂಜಿನಿಯರ್, ಚಿತ್ರದುರ್ಗ)

ದಯವಿಟ್ಟು ಸಮನಾಗಿ ಹಂಚಬೇಡಿ. ತಲೆಗೆ ಬರುವ ನಾಲ್ಕು ಕಾಸು ಹಬ್ಬದ ಖರ್ಚಿಗೂ ಸಾಲದು. ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022–26ರ ಮಾನದಂಡದಂತೆ ಬಯಲು ಸೀಮೆಯಲ್ಲಿ ಪೂರ್ಣ ಹಾನಿಯಾದ ಮನೆಗೆ ₹1.20 ಲಕ್ಷ ನಿಗದಿಯಾಗಿದೆ. ಅದಕ್ಕೆ ರಾಜ್ಯ ಸರ್ಕಾರದ ನೆರವು ಸೇರಿದರೂ, ವಸತಿ ಯೋಜನೆಗಳಲ್ಲಿ ಹಣವು ತಳಪಾಯ, ಗೋಡೆ, ಛಾವಣಿ ಎಂದು ಒಂದೊಂದು ಹಂತ ಮುಗಿದು ಫೋಟೊ ಏರಿಸಿದ ಮೇಲೆಯೇ ಬರುವುದು ರೂಢಿ. ಕೂಲಿ ಮಾಡುವವರು ಮುಂದಿನ ಹಂತಕ್ಕೆ ಕೈಯಿಂದ ಹಾಕಲು ಹಣವಿಲ್ಲದೆ ನಿಲ್ಲಿಸುತ್ತಾರೆ, ಇಲ್ಲವೇ ಮೀಟರ್ ಬಡ್ಡಿಗೆ ಸಾಲ ತರುತ್ತಾರೆ. ನಿಮ್ಮ ಹಣ ಅಲ್ಲಿ ನಿಲ್ಲಲಿ. ಬಡ್ಡಿಯಿಲ್ಲದೆ ಕೊಟ್ಟು, ಕಂತು ಬಂದಾಗ ಮರಳಿ ಪಡೆದು, ಮುಂದಿನ ಮನೆಗೆ ಕೊಡಿ.

ಇನ್ನೊಂದು ಮಾತು. ಸೋರುತ್ತದೆಂದು ವರ್ಷ ವರ್ಷವೂ ಮಾಳಿಗೆಯ ಮೇಲೆ ಮಣ್ಣು ಹೊದಿಸುತ್ತಾ ಹೋದಂತೆ ಭಾರ ಹೆಚ್ಚುತ್ತದೆ; ಆ ಮಣ್ಣು ನೆನೆದಾಗ ತೊಲೆ ಕೂತ ಜಾಗದಲ್ಲಿ ಗೋಡೆ ಬಾಯಿ ಬಿಡುತ್ತದೆ. ಗೋಡೆಯ ಬುಡವೂ ನೀರು ಹೀರಿದ್ದರೆ ಮನೆ ಒಮ್ಮೆಲೇ ಕೂರುತ್ತದೆ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲಿನ ತಳಪಾಯವನ್ನು ನೆಲಮಟ್ಟಕ್ಕಿಂತ ಎರಡಡಿಯಾದರೂ ಮೇಲಕ್ಕೆ ತಂದ ನಂತರವೇ ಗೋಡೆ ಎಬ್ಬಿಸಿ. ಇದನ್ನು ಸಾಲದ ಷರತ್ತನ್ನಾಗಿ ಮಾಡಿದರೂ ತಪ್ಪಲ್ಲ.

ಉತ್ತರ 2 (ಸ್ತ್ರೀಶಕ್ತಿ ಸಂಘದ ಸದಸ್ಯೆ, ಚಳ್ಳಕೆರೆ)

ಸರ್ ಹೇಳಿದ್ದು ಸರ್ಕಾರದ ಪರಿಹಾರ ಪಟ್ಟಿಯಲ್ಲಿ ಹೆಸರಿರುವವರ ಮಾತಾಯಿತು. ಬಾಡಿಗೆಗೆ ಇದ್ದವರು, ಮಾವನ ಹೆಸರಿನಲ್ಲೇ ಮನೆಯ ಖಾತೆ ಉಳಿದಿರುವ ವಿಧವೆಯರು, ಗೋಮಾಳದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರು ಪಟ್ಟಿಗೆ ಬರುವುದೇ ಕಷ್ಟ. ಸಂಘದ ಒಬ್ಬೊಬ್ಬರು ಇಂತಹ ಒಂದೊಂದು ಕುಟುಂಬದ ಹೊಣೆ ಹೊತ್ತು, ಪಂಚಾಯಿತಿಗೂ ನಾಡಕಚೇರಿಗೂ ಅವರ ಜೊತೆಯಲ್ಲೇ ಹೋಗಿ, ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದು ಒಂದು ಕಡತದಲ್ಲಿ ಇಡಬೇಕು. ವಿದ್ಯೆ ಇಲ್ಲದ ಹೆಣ್ಣುಮಗಳು ಒಬ್ಬಳೇ ಹೋದಾಗ ‘ನಾಳೆ ಬಾ’ ಎಂದು ಕಳಿಸುವ ಮೇಜಿನಲ್ಲೇ, ಜೊತೆಗೆ ಓದಿದವರೊಬ್ಬರು ನಿಂತರೆ ಅರ್ಜಿಗೆ ಮೊಹರು ಬೀಳುತ್ತದೆ. ಇದಕ್ಕೆ ಹಣ ಬೇಡ, ಬಿಡುವು ಬೇಕು.

ಮೋಡ ಕವಿದರೆ ಸಾಕು, ಮಕ್ಕಳನ್ನು ಎಬ್ಬಿಸಿಕೊಂಡು ರಾತ್ರಿಯೆಲ್ಲ ಹೊರಗೆ ಕೂರುವ ತಾಯಂದಿರು ನಮ್ಮಲ್ಲಿದ್ದಾರೆ. ಅವರಿಗೆ ಧೈರ್ಯ ಹೇಳುವುದಷ್ಟೇ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಕನ್ನಡದಲ್ಲೇ ಮಾತನಾಡಬಹುದು.

ಉತ್ತರ 3 (ರೈತ, ಹೊನ್ನಾಳಿ)

ತುಂಗಭದ್ರೆ ಉಕ್ಕಿದಾಗಲೆಲ್ಲ ನಾವು ಕಾಣುವುದು ಹೊಲದ ಮೇಲೆ ಕೂರುವ ಮರಳನ್ನು. ಮೂರು ಇಂಚಿಗಿಂತ ಹೆಚ್ಚು ಹೂಳು ನಿಂತ ಜಮೀನಿಗೆ, ಎಂಜಿನಿಯರ್ ಸರ್ ಹೇಳಿದ ಅದೇ 2022–26ರ ಮಾನದಂಡದಲ್ಲಿ ಹೆಕ್ಟೇರಿಗೆ ₹18,000 ನೆರವಿದೆ. ಬೆಳೆ ಪರಿಹಾರದ ಗಡಿಬಿಡಿಯಲ್ಲಿ ಇದನ್ನು ಕೇಳುವವರೇ ಕಡಿಮೆ. ನಿಮ್ಮ ಊರಿನಲ್ಲಿ ಯಾರಾದರೂ ಜೆಸಿಬಿ ತರಿಸುವ ಯೋಚನೆಯಲ್ಲಿದ್ದರೆ, ಹೂಳು ತೆಗೆಸುವ ಮೊದಲು ಗ್ರಾಮ ಆಡಳಿತ ಅಧಿಕಾರಿಯನ್ನು ಕರೆದು ಅಳತೆ ಮಾಡಿಸಿ, ಫೋಟೊ ತೆಗೆಸಿಕೊಳ್ಳಲು ಹೇಳಿ.